ಅಣಕಕ್ಕೆ ಕಿವಿ, ವಿಡಂಬನೆಗೆ ಹಲ್ಲು

ಆ ಶನಿವಾರ ಏನೇನು ಕೆಡಬಹುದಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಹರಿಹರದ ಬಸ್ ಮಾಲೀಕರು ಸಿಟ್ಟಾಗಿ ನಮ್ಮ ಪತ್ರಿಕೆಗೆ ದೀಪಾವಳಿ ಜಾಹೀರಾತು ನಿಲ್ಲಿಸಬಹುದಿತ್ತು. ಅವರ ನಿಲ್ದಾಣದಲ್ಲಿ ಮೈಕು ಹಿಡಿದು ಬಸ್ಸು ಕೂಗುವ ಹಾಲೇಶಪ್ಪನವರ ಕೆಲಸ ಹೋಗಬಹುದಿತ್ತು. ಕೆಲಸ ಹೋದ ಹಾಲೇಶಪ್ಪನವರು ಅಳಿಯಂದಿರನ್ನು ಕರೆದುಕೊಂಡು ದಾವಣಗೆರೆಯ ನಮ್ಮ ಕಚೇರಿಗೆ ಬರಬಹುದಿತ್ತು. ಅವರಿಗೆ ಅಳಿಯಂದಿರಿದ್ದಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ನನ್ನ ತಲೆಯೊಳಗೆ ಅವರು ದಿನದಿನಕ್ಕೆ ದಪ್ಪಗಾಗುತ್ತಿದ್ದರು. ವಕೀಲರ ನೋಟಿಸು ಬರಬಹುದಿತ್ತು. ಪುಟ ಕಟ್ಟುವ ಗಡಿಬಿಡಿಯಲ್ಲಿ ನನ್ನ ಲೇಖನದ ಮೇಲಿನ ‘ಅಣಕ’ ಎಂಬ ಪಟ್ಟಿ ಬಿದ್ದುಹೋಗಿ, ಜನ ಅದನ್ನು ನಿಜವಾದ ಪ್ರಕಟಣೆ ಎಂದೇ ನಂಬಬಹುದಿತ್ತು. ಅದರ ಪಕ್ಕದಲ್ಲೇ ಯಾರದೋ ಶ್ರದ್ಧಾಂಜಲಿಯ ಫೋಟೋ ಬಂದು ಕೂರಬಹುದಿತ್ತು. ನನ್ನ ಸ್ಕೂಟರಿನ ಗಾಳಿ ಬಿಡಬಹುದಿತ್ತು. ನನ್ನ ಹೆಂಡತಿಯ ತಮ್ಮ ಮಲೆಬೆನ್ನೂರಿನವನು. ಅವನನ್ನು ಬಸ್ಸಿಗೆ ಹತ್ತಿಸಿಕೊಳ್ಳದೆ ಬಿಟ್ಟರೆ ಅವನು ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯಲ್ಲೇ ಉಳಿದುಬಿಡಬಹುದಿತ್ತು. ಎಲ್ಲಕ್ಕಿಂತ ಆಳವಾದ ಚಿಂತೆ ಇದೇ.

ಇದಾವುದೂ ಆಗಲಿಲ್ಲ. ಆದದ್ದು ಬೇರೆ.

ದಾವಣಗೆರೆಯ ಒಂದು ದಿನಪತ್ರಿಕೆಯಲ್ಲಿ ನಾನು ಬಹಳ ಕಾಲ ಶನಿವಾರದ ನಗೆಪುಟ ನೋಡಿಕೊಂಡೆ. ಊರೂರಿನ ಹವ್ಯಾಸಿಗಳು ಕಳಿಸಿದ ಹಾಸ್ಯವನ್ನು ತಿದ್ದಿ, ಕತ್ತರಿಸಿ, ಜಾಗಕ್ಕೆ ಹೊಂದಿಸಿ, ಬಳಿಕ ಯಾರಿಗೆ ನೋವಾದೀತೋ ಎಂದು ಸೋಮವಾರದವರೆಗೆ ಚಿಂತೆ ಮಾಡುವುದು ನನ್ನ ಕೆಲಸ. ಐವತ್ತು ದಾಟಿದ ಮೇಲೆ ರಕ್ತದೊತ್ತಡದ ಮಾತ್ರೆ ಶುರುವಾಯಿತು. “ನೀವು ಏನು ಕೆಲಸ ಮಾಡ್ತೀರಿ?” ಎಂದು ಡಾಕ್ಟರು ಕೇಳಿದರು. “ಜನರನ್ನು ನಗಿಸ್ತೀನಿ” ಎಂದೆ. ಅವರು ನಗಲಿಲ್ಲ, ಇನ್ನೊಂದು ಮಾತ್ರೆ ಬರೆದರು. ಹೋದ ವರ್ಷ ಸ್ವಯಂ ನಿವೃತ್ತಿ ತೆಗೆದುಕೊಂಡೆ.

ನನ್ನ ಕುರ್ಚಿಗೆ ಬಂದವಳು ಕಾವ್ಯ, ಕಾಲೇಜು ಮುಗಿಸಿ ನೇರ ಬಂದ ಚುರುಕು ಹುಡುಗಿ. ಮೊನ್ನೆ ಫೋನು ಮಾಡಿ, “ಸರ್, ಅಣಕಕ್ಕೂ ವಿಡಂಬನೆಗೂ ಏನ್ ಫರಕು? ಎರಡೂ ನಗ್ಸೋದೇ ಅಲ್ವಾ?” ಎಂದಳು. ಆಮೇಲೆ ಹೇಳುತ್ತೇನೆ ಎಂದು ಫೋನಿಟ್ಟೆ. ಎರಡು ಸಾಲಿನಲ್ಲಿ ಹೇಳುವುದಾದರೆ, ಅಣಕ ಎಂದರೆ ಇನ್ನೊಬ್ಬರ ದನಿಯನ್ನು ಎರವಲು ತಂದು ಮಾತಾಡುವುದು. ವಿಡಂಬನೆ ಎಂದರೆ ನಮ್ಮ ದನಿಯಲ್ಲೇ ನಿಂತು ಇನ್ನೊಬ್ಬರ ನಡತೆಯನ್ನು ನಗುನಗುತ್ತ ಕುಟುಕುವುದು. ಆದರೆ ಈ ಎರಡು ಸಾಲು ಅವಳಿಗೆ ಯಾವ ಶನಿವಾರವೂ ಕೆಲಸಕ್ಕೆ ಬರುವುದಿಲ್ಲ. ನನಗೂ ಬರಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಸೇರಿದಾಗ ಸಂಪಾದಕರಾಗಿದ್ದವರು ಗುರುಶಾಂತಪ್ಪನವರು. ಬಟ್ಟೆ ವ್ಯಾಪಾರದ ಮನೆತನ. ಅಂಗಡಿಯ ಗಲ್ಲಾ ಅಣ್ಣನಿಗೆ ಬಿಟ್ಟು ಪತ್ರಿಕೆಗೆ ಬಂದಿದ್ದರೂ ಬರಹವನ್ನು ಬಟ್ಟೆಯಂತೆಯೇ ಬೆರಳಲ್ಲಿ ಹಿಡಿದು ನೋಡುತ್ತಿದ್ದರು. ನನ್ನ ಮೊದಲ ಹಾಸ್ಯಲೇಖನ ದೊಡ್ಡ ಕಂಪನಿಗಳ ಆಡಳಿತದವರು ನೌಕರರಿಗೆ ಕಳಿಸುವ ಸುತ್ತೋಲೆಯ ಅಣಕ. ಬೆಂಗಳೂರಿನ ಗೆಳೆಯನೊಬ್ಬ ತೋರಿಸಿದ ಮಾದರಿ ನೋಡಿ ಬರೆದದ್ದು. ಬರೆಯುವಾಗ ನಾನೇ ಬಿದ್ದು ಬಿದ್ದು ನಕ್ಕಿದ್ದೆ. ಅಚ್ಚಾದ ಮೇಲೆ ಒಬ್ಬರೂ ನಗಲಿಲ್ಲ. ಗುರುಶಾಂತಪ್ಪನವರು ಕರೆದು ಕೂರಿಸಿದರು.

“ಯಾರನ್ನ ಅಣಕಿಸಿದಿ? ಅವರನ್ನ ನಮ್ಮ ಓದುಗರು ನೋಡೇ ಇಲ್ಲಲ್ಲ. ಗುರುತಿಲ್ಲದ ಮನುಷ್ಯನ ಥರ ನೀನು ನಡೆದು ತೋರಿಸಿದ್ರೆ, ಪಾಪ ಇವನ ಕಾಲು ಸರಿ ಇಲ್ಲ ಅಂದ್ಕೊಂತಾರೆ, ಅಷ್ಟೆ.”

ಹಾಗಾದರೆ ವಿಡಂಬನೆ ಬರೆಯಲೇ ಎಂದು ಕೇಳಿದೆ. ಕನ್ನಡಕದ ಮೇಲಿಂದ ನನ್ನನ್ನು ಅಳೆದು ನೋಡಿದರು. “ಅಣಕಕ್ಕೆ ಕಿವಿ ಬೇಕು, ವಿಡಂಬನೆಗೆ ಹಲ್ಲು ಬೇಕು. ನಿನಗೆ ಹಲ್ಲಿಲ್ಲ, ಕಿವಿ ಐತೆ. ಅದರಾಗೆ ಹೊಟ್ಟೆ ಹೊರ್ಕೋ.” ಮೇಲಧಿಕಾರಿಯಿಂದ ನನಗೆ ಸಿಕ್ಕ ಒಂದೇ ಪ್ರಶಂಸಾಪತ್ರ ಇದು.

ಕಿವಿಯ ದುಡಿಮೆ ಶುರುವಾಯಿತು. ಒಂದು ಬೇಸಿಗೆಯಲ್ಲಿ ಊರಿನ ರಸ್ತೆಗಳ ಮೇಲೆ ಲಗ್ನಪತ್ರಿಕೆಯ ಅಣಕ ಬರೆದೆ. ವರ ಚಿರಂಜೀವಿ ಗುಂಡಿರಾಜ, ವಧು ಚಿರಂಜೀವಿ ಸೌಭಾಗ್ಯವತಿ ಧೂಳಮ್ಮ, ಮದುವೆಯ ಸ್ಥಳ ಪಿ.ಬಿ. ರಸ್ತೆಯ ಉದ್ದಕ್ಕೂ. ತಮ್ಮ ಆಗಮನಾಭಿಲಾಷಿಗಳು ಎಂಬಲ್ಲಿ ಮೂಳೆ ಡಾಕ್ಟರುಗಳು. ಎರಡು ದಿನ ಬಿಟ್ಟು ಹದಡಿಯಿಂದ ಹಿರಿಯ ರೈತರೊಬ್ಬರು ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಕಚೇರಿಗೆ ಬಂದರು. ರಸ್ತೆ ಕಂಟ್ರಾಕ್ಟರನ ಕಡೆಯವರಿರಬೇಕೆಂದು ನಾನು ಎದ್ದು ನಿಂತೆ.

“ಹೆಣ್ಣಿನ ಸೋದರಮಾವನ ಹೆಸರೇ ಹಾಕಿಲ್ಲಲ್ರಿ” ಎಂದರು.

ಇದು ತಮಾಷೆ ಅಜ್ಜಾರೆ ಎಂದೆ.

“ತಮಾಷೆ ಅಂತ ನನಗೂ ಗೊತ್ತೈತಪ್ಪ. ತಮಾಷೆ ಮದುವಿ ಆದ್ರೆ ಸೋದರಮಾವ ಬ್ಯಾಡೇನು?”

ಚಹಾ ತರಿಸಿ ಕುಡಿಸಿದೆ. ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಯಾರ ಕೆಳಗೆ ಬರಬೇಕು, ತಪ್ಪಿದರೆ ಯಾವ ಊರಲ್ಲಿ ಯಾರು ಊಟ ಬಿಟ್ಟು ಎದ್ದು ಹೋದರು ಎಂದು ವಿವರವಾಗಿ ಹೇಳಿದರು. ಬಂದದ್ದು ಹದಡಿ ರಸ್ತೆಯಲ್ಲೇ, ಗುಂಡಿ ಹಾರಿಸಿಕೊಂಡೇ. ಆದರೆ ಗುಂಡಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಣಕ ಓದುವವರ ಲಕ್ಷ್ಯ ಇರುವುದು ಹೋಲಿಕೆಯ ಮೇಲೆ. ಮೂಗು ಕಿವಿ ಸರಿಯಾಗಿ ಕೂತಿವೆಯೇ ಎಂದು ನೋಡುತ್ತಾರೆ. ಆ ಬಾಯಿ ಏನು ಹೇಳುತ್ತಿದೆ ಎಂಬುದು ಆಮೇಲಿನ ಮಾತು.

ವಿಡಂಬನೆಯ ಪಾಡು ಇದಕ್ಕೆ ಉಲ್ಟಾ. ಒಮ್ಮೆ, ತನ್ನ ಹುಟ್ಟುಹಬ್ಬಕ್ಕೆ ತಾನೇ ಫ್ಲೆಕ್ಸು ಕಟ್ಟಿಸಿ ತಾನೇ ಅದರ ಮುಂದೆ ನಿಂತು ಅಚ್ಚರಿಪಡುವ ಒಬ್ಬ ಮುಖಂಡನ ಮೇಲೆ ಓದುಗರೊಬ್ಬರು ಚೆನ್ನಾಗಿ ಬರೆದು ಕಳಿಸಿದರು. ಹೆಸರಿರಲಿಲ್ಲ, ಊರಿರಲಿಲ್ಲ. ಹಾಕಿದ ದಿನ ಫೋನು ಬಂದಾಗಲೆಲ್ಲ ನಾಲ್ಕು ಸಲ ರಿಂಗಾಗಲು ಬಿಟ್ಟೇ ಎತ್ತುತ್ತಿದ್ದೆ. ಮೊದಲ ಫೋನು ಒಬ್ಬ ಮುಖಂಡರದು: ತಮ್ಮ ಎದುರಾಳಿಗೆ ಸರಿಯಾಗಿ ಬಿಗಿದಿರಿ ಎಂದು ಅಭಿನಂದಿಸಿದರು. ಎರಡನೆಯ ಫೋನು ಆ ಎದುರಾಳಿಯದೇ. ಅವರೂ ಅಭಿನಂದಿಸಿದರು, ಹಂಚಲಿಕ್ಕೆ ಬೇಕು ಎಂದು ಪ್ರತಿಗಳನ್ನೂ ತರಿಸಿಕೊಂಡರು. ಮುಂದಿನ ಹುಟ್ಟುಹಬ್ಬಕ್ಕೆ ಇಬ್ಬರ ಫ್ಲೆಕ್ಸೂ ಇನ್ನಷ್ಟು ಅಗಲವಾಗಿದ್ದವು.

ಇಷ್ಟರ ಮೇಲೆ ನನಗೊಂದು ಧೈರ್ಯ ಬಂದಿತ್ತು. ವಿಡಂಬನೆ ಯಾರಿಗಾದರೂ ತಾಗಿದರೆ ಅಪಾಯ, ಅಣಕದಿಂದ ಯಾರಿಗೂ ಏನೂ ಆಗುವುದಿಲ್ಲ. ಗಂಟಲಲ್ಲಿ ಸಿಕ್ಕುವಂಥ ಲೇಖನ ಬಂದರೆ ಅದನ್ನು ಅಣಕವಾಗಿ ತಿರುಗಿಸಿಬಿಡುವುದು ನನ್ನ ಪದ್ಧತಿಯಾಯಿತು. ದೂರನ್ನು ಒಂದು ಗುರುತಿನ ದನಿಯಲ್ಲಿ ಅದ್ದಿ ತೆಗೆದರೆ ಎಲ್ಲರೂ ದನಿಗೆ ನಗುತ್ತಾರೆ, ದೂರು ಸದ್ದಿಲ್ಲದೆ ಒಳಗೆ ಹೋಗುತ್ತದೆ ಎಂದು ನಂಬಿದ್ದೆ. ಗುಳಿಗೆಗೆ ಬೆಲ್ಲ ಸುತ್ತಿದ ಹಾಗೆ.

ಈ ನಡುವೆ ಕಾಲವೂ ಬದಲಾಯಿತು. ಮೊದಲು ಲೇಖನಗಳು ಅಂಚೆಯಲ್ಲಿ ಬರುತ್ತಿದ್ದವು. ಎಲ್ಲಿ ನಗಬೇಕೆಂಬುದನ್ನು ಬರೆದವರು ನನಗೇ ಬಿಡುತ್ತಿದ್ದರು. ಆಮೇಲೆ ವಾಟ್ಸಾಪಿನಲ್ಲಿ ಬರತೊಡಗಿದವು, ಪ್ರತಿ ಸಾಲಿನ ಕೊನೆಗೆ ಕಣ್ಣೀರು ಸುರಿಸಿ ನಗುವ ಹಳದಿ ಮುಖಗಳ ಸಮೇತ. ಪುಟದಿಂದ ಲೇಖನ ಊರಿಗೆ ಹೋಗುವ ದಾರಿಯೂ ಬೇರೆಯಾಯಿತು. ಶಿರೋಭಾಗದಲ್ಲಿ ಎಷ್ಟು ದಪ್ಪಕ್ಷರದಲ್ಲಿ ‘ಅಣಕ’ ಎಂದು ಹಾಕಿದರೂ ಜನ ಫೋನಿನಲ್ಲಿ ಬೆರಳಾಡಿಸಿ ಅದನ್ನು ಕತ್ತರಿಸಿ, ತಮಗೆ ಬೇಕಾದ ನಾಲ್ಕು ಸಾಲನ್ನಷ್ಟೇ ಹಂಚುತ್ತಾರೆ. ಕಾವ್ಯ ಇದನ್ನು ನೆನಪಿಟ್ಟುಕೊಳ್ಳಬೇಕು. ನಾವು ಪುಟ ಕಟ್ಟುತ್ತೇವೆ, ಊರು ಅದನ್ನು ಬಿಚ್ಚುತ್ತದೆ.

ಇನ್ನು ಆ ಶನಿವಾರ.

ಶಿವಲೀಲಾ ಟೀಚರ್ ನಮ್ಮ ಬಡಾವಣೆಯ ಬಿ ಬ್ಲಾಕಿನವರು. ಮಲೆಬೆನ್ನೂರಿನಲ್ಲಿ ಶಾಲೆ. ದಿನಾ ದಾವಣಗೆರೆಯಿಂದ ಹರಿಹರಕ್ಕೆ ಒಂದು ಬಸ್ಸು, ಅಲ್ಲಿ ಇಳಿದು ಖಾಸಗಿ ಬಸ್ಸುಗಳು ನಿಲ್ಲುವ ಸಣ್ಣ ನಿಲ್ದಾಣದಿಂದ ಮಲೆಬೆನ್ನೂರಿಗೆ ಇನ್ನೊಂದು. ಆ ನಿಲ್ದಾಣದಲ್ಲಿ ನೆರಳಿರಲಿಲ್ಲ. ಇದ್ದ ಒಂದು ಬೆಂಚಿನ ಮೇಲೆ ಬಸ್ಸಿನ ಟೈರುಗಳು ಕೂತಿರುತ್ತಿದ್ದವು. ಹೆಂಗಸರ ಶೌಚಾಲಯಕ್ಕೆ ಬೀಗ, ಬೀಗದ ಕೈ ಯಾರ ಹತ್ತಿರ ಎಂಬುದು ಯಾರಿಗೂ ಗೊತ್ತಿಲ್ಲ. ಟೀಚರ್ ಈ ಬಗ್ಗೆ ವಿಡಂಬನೆ ಬರೆದು ಕಳಿಸಿದರು. ಅವರಿಗೆ ಹಲ್ಲಿತ್ತು. ನಮ್ಮ ನಿಲ್ದಾಣ ಹೆಣ್ಣುಮಕ್ಕಳನ್ನು ಎಷ್ಟು ಗೌರವಿಸುತ್ತದೆ ಎಂದರೆ ಯಾರನ್ನೂ ಕೂರಲು ಬಿಡುವುದಿಲ್ಲ, ಎಲ್ಲರನ್ನೂ ಧ್ವಜದ ಹಾಗೆ ನಿಲ್ಲಿಸಿಯೇ ಇಡುತ್ತದೆ ಎಂದು ಒಂದು ಸಾಲು ಇತ್ತು. ಮಾಲೀಕರ ಸಂಘವನ್ನು ನೇರವಾಗಿಯೇ ಹಿಡಿದಿದ್ದರು.

ನಾನು ಓದಿ ನಕ್ಕೆ, ನಕ್ಕ ಮರುಕ್ಷಣ ದೀಪಾವಳಿ ಜಾಹೀರಾತು ನೆನಪಾಯಿತು. ತಿರುಗಿಸಿಬಿಡೋಣ ಎಂದು ಕೂತೆ. ದನಿ ಹುಡುಕಬೇಕಾಗಿರಲಿಲ್ಲ. ಆ ನಿಲ್ದಾಣದ ದನಿ ಎಂದರೆ ಹಾಲೇಶಪ್ಪ.

ಹಾಲೇಶಪ್ಪನವರನ್ನು ಕೇಳದವರಿಗೆ ಹೇಳುವುದು ಕಷ್ಟ. ಬಸ್ಸಿನ ಹೆಸರು, ಊರಿನ ಹೆಸರು ಕೂಗಿ ಸುಮ್ಮನಾಗುವ ಮನುಷ್ಯನಲ್ಲ. ಮೈಕಿನಲ್ಲಿ ಎದುರಿಗಿದ್ದವರ ಜೊತೆ ಮಾತಾಡುತ್ತಿದ್ದರು. “ಮಲೆಬೆನ್ನೂರು, ಮಲೆಬೆನ್ನೂರು. ಹಸಿರು ಸೀರೆ ಅಕ್ಕಾರೆ, ನಿಮ್ಮ ಬಸ್ಸೇ ಅದು, ಹತ್ರಿ, ಕೂಡ್ರಿ. ಡ್ರೈವರ್ ಚಾ ಕುಡಿಯಾಕೆ ಹೋಗ್ಯಾನೆ, ನಾನ್ಯಾಕ ಸುಳ್ಳು ಹೇಳ್ಲಿ. ಬಿಸಿ ಐತಂತೆ, ಊದಿ ಕುಡಿಬೇಕಲ್ರಿ ಅವನೂ. ಸಿಟ್ಟಾಗಬ್ಯಾಡ್ರಿ, ಸಿಟ್ಟಿಗೆ ನಮ್ಮಲ್ಲಿ ಟಿಕೆಟಿಲ್ಲ.” ಬಿಸಿಲಲ್ಲಿ ನಿಂತವರು ಬೈಯಲು ತೆರೆದ ಬಾಯಿ ನಗಲು ಬಳಸುತ್ತಿದ್ದರು.

ಟೀಚರ ದೂರುಗಳನ್ನೆಲ್ಲ ನಾನು ಈ ದನಿಗೆ ಏರಿಸಿದೆ. ನೆರಳು ಬೇಕಾದವರು ದಪ್ಪನವರ ಪಕ್ಕ ನಿಲ್ರಿ. ಬೆಂಚು ಟೈರಿಗೆ ರಿಜರ್ವ್ ಆಗೈತೆ, ಟೈರು ಇಳಿದ ಕೂಡ್ಲೆ ಹೇಳ್ತೀನಿ. ಹೀಗೆ ಒಂದು ಕಾಲಂ ಉದ್ದ. ಹೆಸರು ಹಾಕಲಿಲ್ಲ. ಹೆಸರಿನ ಅಗತ್ಯ ಯಾರಿಗಿತ್ತು? ನನ್ನ ಕಿವಿಯ ಜೀವಮಾನದ ಕೆಲಸ ಅದು. ಒಂದು ಪದ ಆಚೀಚೆ ಇರಲಿಲ್ಲ.

ಶುಕ್ರವಾರ ಸಂಜೆ ಟೀಚರಿಗೆ ಪುಟದ ಚಿತ್ರ ಕಳಿಸಿದೆ. ನಗೆಪುಟವಿದ್ದ ಪುರವಣಿ ಆಗಲೇ ಅಚ್ಚಾಗಿ ಕಟ್ಟು ಕಟ್ಟಿ ಕೂತಿತ್ತು. ಅವರು ಫೋನು ಮಾಡಿದರು.

“ಸರ್, ಓದಿ ನಗು ಬಂತು. ಆದ್ರೆ ನನ್ನ ಹಲ್ಲು ಕಿತ್ತು ಹಾಲೇಶಪ್ಪನ ಬಾಯಿಗಿಟ್ರಿ ನೀವು.”

ಅದೇ ಒಳ್ಳೆಯದಲ್ಲವೇ, ಯಾರಿಗೂ ತೊಂದರೆಯಿಲ್ಲ ಎಂದೆ.

“ನನಗೆ ಇಲ್ಲ. ಅವಗೆ ಐತೆ. ಮಾಲೀಕರು ರೆಕಾರ್ಡ್ ದನಿ ತರಿಸಬೇಕು ಅಂತ ಮಾತಾಡಾಕೆ ಹತ್ಯಾರೆ. ಅವನ್ನ ಬಿಡಿಸಾಕೆ ಒಂದು ನೆಪ ಬೇಕಿತ್ತು. ಆ ಮೈಕ್ ಬಿಟ್ರೆ ಆ ಮನುಷ್ಯಗೆ ಬ್ಯಾರೆ ಏನೂ ಗೊತ್ತಿಲ್ರಿ.”

ಮಾಲೀಕರನ್ನು ಬೈದದ್ದು ಮಾಲೀಕರ ನೌಕರನ ದನಿಯಲ್ಲಿ. ಇದು ಕಿವಿಗೆ ಹೊಳೆದಿರಲಿಲ್ಲ, ಏಕೆಂದರೆ ಅದು ಕಿವಿಯ ಇಲಾಖೆಯಲ್ಲ. ಮೊದಲ ಪ್ಯಾರಾದ ಅಳಿಯಂದಿರು ಹುಟ್ಟಿದ್ದು ಆ ಸಂಜೆ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಹರಿಹರದ ಒಬ್ಬ ಮಿಮಿಕ್ರಿ ಕಲಾವಿದ ಆ ಕಾಲಮನ್ನು ಹಾಲೇಶಪ್ಪನ ದನಿಯಲ್ಲೇ ಓದಿ ರೀಲ್ ಮಾಡಿ ಬಿಟ್ಟಿದ್ದ. ಸಂಜೆ ಮಂಡಕ್ಕಿ ಅಂಗಡಿಯಲ್ಲಿ ಮಿರ್ಚಿ ಕರಿಯುವವನ ಫೋನಿನಿಂದಲೂ ಅದೇ ಕೇಳುತ್ತಿತ್ತು. ನಾನು ಮಿರ್ಚಿ ಕಟ್ಟಿಸಿಕೊಳ್ಳದೆ ಮನೆಗೆ ಹೋದೆ. ಎಣ್ಣೆ ಪದಾರ್ಥ ಬಿಟ್ಟಿರಾ, ಒಳ್ಳೆಯದಾಯಿತು ಎಂದಳು ಹೆಂಡತಿ.

ಸೋಮವಾರ ಹರಿಹರಕ್ಕೆ ಹೋದೆ. ಸ್ಕೂಟರ್ ಬಿಟ್ಟು ಬಸ್ಸಲ್ಲಿ ಹೋದದ್ದು, ಯಾರಾದರೂ ಅದರ ಗಾಳಿ ಬಿಟ್ಟಾರೆಂಬ ಕಾರಣಕ್ಕೆ. ನಿಲ್ದಾಣದ ಹೊರಗೆ ಸ್ವಲ್ಪ ಹೊತ್ತು ನಿಂತು ಆಲಿಸಿದೆ. ಮೈಕಿನಲ್ಲಿ ಹಾಲೇಶಪ್ಪನವರ ದನಿಯೇ ಬರುತ್ತಿತ್ತು. ಜೀವ ಬಂತು. ಒಳಗೆ ಹೋಗಿ ಹೆಸರು ಹೇಳಿಕೊಂಡದ್ದೇ, ಮಾಲೀಕರ ಸಂಘದ ಅಧ್ಯಕ್ಷರು ಎದ್ದು ಕೈ ಕುಲುಕಿದರು. “ರೆಕಾರ್ಡ್ ತರಿಸಿದ್ರೆ ನಮ್ಮ ಸ್ಟ್ಯಾಂಡಿಗೆ ಇಂಥ ಹೆಸರು ಬರ್ತಿತ್ತೇನ್ರಿ? ರಾಣೆಬೆನ್ನೂರಿಂದ ಫೋನ್ ಮಾಡಾಕೆ ಹತ್ಯಾರೆ ಜನ. ರೆಕಾರ್ಡಿನ ಮಾತೇ ಬ್ಯಾಡ, ಹಾಲೇಶಿ ಇರೋವರ್ಗೂ ಹಾಲೇಶಿನೇ” ಎಂದರು. ನೆರಳು, ಬೆಂಚು, ಬೀಗ ಯಾವುದರ ಬಗ್ಗೆಯೂ ಮಾತಿಲ್ಲ. ಓದಿದ್ದರು, ನಕ್ಕಿದ್ದರು. ಬೆನ್ನ ಹಿಂದೆಯೇ ಬೆಂಚಿನ ಮೇಲೆ ಟೈರುಗಳಿದ್ದವು.

ಮೈಕಿನ ಗೂಡು ಒಬ್ಬರು ಕೂರುವಷ್ಟು ಜಾಗ. ಹಾಲೇಶಪ್ಪನವರು ತೆಳ್ಳಗೆ, ಬೆಳ್ಳಗಿನ ಅಂಗಿ, ಕನ್ನಡಕಕ್ಕೆ ದಾರ. ನನ್ನನ್ನು ಕಂಡು ಎದ್ದರು, ತಮ್ಮ ಸ್ಟೂಲನ್ನೇ ಕೊಟ್ಟರು, ಚಹಾ ಹೇಳಿದರು. ಸಿಟ್ಟಿನ ಸುಳಿವೇ ಇರಲಿಲ್ಲ. ಆದರೆ ಏನನ್ನೋ ಕೇಳಬೇಕೆಂದು ಒದ್ದಾಡುತ್ತಿದ್ದರು. ಕಡೆಗೆ ಮೈಕಿನ ಗುಂಡಿ ಆರಿಸಿ, ಮೆಲ್ಲಗೆ ಕೇಳಿದರು.

“ನಾನು ಹಂಗೇ ಅಂತೀನೇನ್ರಿ?”

ಹಾಗೇ ಅನ್ನುತ್ತೀರಿ, ಒಂದಕ್ಷರ ಹೆಚ್ಚು ಕಡಿಮೆ ಇಲ್ಲ ಎಂದೆ. ನನ್ನ ಕಿವಿಯ ಮೇಲಿನ ಹೆಮ್ಮೆಯಿಂದ ಹೇಳಿದ ಮಾತು.

“ಮನೆಯಾಗೂ ಕೇಳ್ದೆ. ನಮ್ಮಾಕಿನೂ ಹಂಗೇ ಅಂದ್ಲು. ಯಾರೂ ನನಗೆ ಹೇಳೇ ಇರ್ಲಿಲ್ಲ ನೋಡ್ರಿ” ಎಂದು ನಕ್ಕರು.

ನಾನೂ ನಕ್ಕು ಚಹಾ ಮುಗಿಸಿ ಬಂದೆ. ಆ ವಾರ ಮಾತ್ರೆ ಇಲ್ಲದೆಯೇ ರಕ್ತದೊತ್ತಡ ಸರಿಯಿತ್ತು.

ಮಳೆಗಾಲ ಕಳೆದ ಮೇಲೆ ಒಂದು ದಿನ ಹಾಲಿನ ಅಂಗಡಿಯಲ್ಲಿ ಶಿವಲೀಲಾ ಟೀಚರ್ ಸಿಕ್ಕರು. ಹಾಲೇಶಪ್ಪ ಹೇಗಿದ್ದಾರೆ ಎಂದೆ. ಇದ್ದಾರೆ, ಚೆನ್ನಾಗಿದ್ದಾರೆ ಎಂದು ಹೇಳಿ ಹೊರಟವರು ತಿರುಗಿ ಬಂದು, ಒಮ್ಮೆ ನೀವೇ ಹೋಗಿ ಕೇಳಿ ಬನ್ನಿ ಎಂದರು. ಹೋದೆ.

ನಿಲ್ದಾಣ ಇದ್ದ ಹಾಗೇ ಇತ್ತು. ಹೆಂಗಸರು ಸೆರಗು ತಲೆಗೆಳೆದುಕೊಂಡು ಬಿಸಿಲಲ್ಲಿ ನಿಂತಿದ್ದರು. ಬಸ್ಸು ತುಂಬುತ್ತಿತ್ತು, ಡ್ರೈವರನ ಸೀಟು ಖಾಲಿ. ಮೈಕು ಸದ್ದು ಮಾಡಿತು: “ಪ್ರಯಾಣಿಕರ ಗಮನಕ್ಕೆ. ಮಲೆಬೆನ್ನೂರಿಗೆ ಹೋಗುವ ಬಸ್ಸು ಶೀಘ್ರದಲ್ಲಿಯೇ ಹೊರಡಲಿದೆ. ದಯವಿಟ್ಟು ಸಹಕರಿಸಿ.” ಅಷ್ಟೆ. ಇನ್ನೊಮ್ಮೆ ಅದೇ ಮೂರು ವಾಕ್ಯ.

ಗೂಡಿಗೆ ಹೋದೆ. ಹಾಲೇಶಪ್ಪನವರು ಅಂದಿನ ಹಾಗೆಯೇ ಎದ್ದರು, ಸ್ಟೂಲು ಕೊಟ್ಟರು. ಇದೇನು ಪುಸ್ತಕದ ಭಾಷೆ ಎಂದು ಕೇಳಿದೆ. ಮಾಲೀಕರು ಹೇಳಿದರೇ?

“ಇಲ್ರಿ, ಅವರು ಹಂಗೇ ಅನ್ನು ಅಂತಾರೆ. ಏನಾಗೈತೆ ಅಂದ್ರೆ, ನಾನು ಬಾಯಿ ತೆರೆಯೋದ್ರಾಗೆ ಹುಡುಗ್ರು ಮುಂದಿಂದು ಅಂದುಬಿಡ್ತಾರೆ. ಆಮ್ಯಾಲೆ ನಾನು ಅಂದ್ರೆ, ಅವರನ್ನ ನೋಡಿ ನಾನು ಕಲ್ತಂಗೆ ಆಗುತ್ತೆ.” ಕನ್ನಡಕ ಒರೆಸಿಕೊಂಡರು. “ಬೇಜಾರೇನಿಲ್ರಿ. ಗೌರವ ಹೆಚ್ಚಾಗೈತೆ. ಮದುವಿಗೆ ಕರಿಸ್ತಾರೆ, ಮೈಕ್ ಕೊಟ್ಟು ಒಂದ್ಸಲ ಅನ್ರಿ ಅಂತಾರೆ, ಅಂತೀನಿ. ಅಲ್ಲಿ ಬರುತ್ತೆ. ಇಲ್ಲಿ ಕೂತ್ರೆ, ಅನ್ನೋ ಮೊದ್ಲು ನನಗೇ ಕೇಳಿಸಿಬಿಡುತ್ತೆ. ಆಗ ನಾಲಿಗಿ ತಡೀತೈತೆ.”

ಸ್ಟೂಲನ್ನು ಅವರಿಗೇ ಬಿಟ್ಟು ಎದ್ದು ಬಂದೆ. ಕಾವ್ಯಳಿಗೆ ಈಗ ಹೇಳುವುದಿಷ್ಟು. ಟೀಚರ ವಿಡಂಬನೆಯನ್ನು ಹಾಗೇ ಹಾಕಿದ್ದರೆ ಮಾಲೀಕರು ಬೈಯುತ್ತಿದ್ದರೇನೋ, ಆ ಬೈಗುಳದಲ್ಲಿ ಒಂದು ತಗಡಿನ ನೆರಳಾದರೂ ಏಳಬಹುದಿತ್ತು, ಏಳದೆಯೂ ಇರಬಹುದಿತ್ತು. ವಿಡಂಬನೆ ಏನನ್ನೋ ಬದಲಿಸಬೇಕೆಂದು ಹೊರಡುತ್ತದೆ, ಬಹಳ ಸಲ ಬರಿಗೈಯಲ್ಲಿ ಬರುತ್ತದೆ. ಅಣಕಕ್ಕೆ ಏನನ್ನೂ ಬದಲಿಸುವ ಉದ್ದೇಶವಿರುವುದಿಲ್ಲ. ಅದು ಪ್ರೀತಿಯಿಂದಲೇ ಬರುತ್ತದೆ, ಹತ್ತಿರ ಕೂತು ಕೇಳಿದವರಿಗಷ್ಟೇ ಬರುತ್ತದೆ. ಆದ್ದರಿಂದ ಹಲ್ಲಿರುವ ಲೇಖನ ಬಂದರೆ ಹಲ್ಲು ಎಣಿಸಿಕೊಂಡು, ಒಂದೂ ಕೀಳದೆ ಹಾಕು. ಒಬ್ಬರ ದನಿಯನ್ನು ಹಿಡಿಯುವ ಮುಂಚೆ ಮಾತ್ರ, ಅದು ಅವರ ದಿನದ ಕೆಲಸಕ್ಕೆ ಬೇಕಾದ ದನಿಯೇ ಎಂದು ವಿಚಾರಿಸಿಕೋ.

ಅವತ್ತು ಗೂಡಿನಿಂದ ಬಂದವನು ಬಡಾವಣೆಗೆ ಮರಳಿ ಟೀಚರಿಗೆ ಮುಖ ತೋರಿಸಲಾರದೆ, ಹಾಗೇ ಮಲೆಬೆನ್ನೂರಿನ ಭಾವಮೈದುನನ ಮನೆಗಾದರೂ ಹೋಗಿಬರೋಣವೆಂದು ಅದೇ ಬಸ್ಸು ಹತ್ತಿದೆ. ಪಕ್ಕದಲ್ಲಿ ಒಬ್ಬ ವಯಸ್ಸಾದ ಹೆಂಗಸು, ತೊಡೆಯ ಮೇಲೆ ಸಂತೆಯ ಚೀಲ. ಮೈಕು ಮತ್ತೆ ಪ್ರಯಾಣಿಕರ ಗಮನ ಸೆಳೆಯಿತು. ಆಕೆ ಕಿವಿಗೊಟ್ಟು ಕೇಳಿ ನನ್ನ ಕಡೆ ತಿರುಗಿದಳು.

“ಹಾಲೇಶಿನ್ನ ಬಿಡಿಸಿ ರೆಕಾರ್ಡ್ ಹಾಕೇಬಿಟ್ರೇನಪ್ಪ?”

ಇಲ್ಲಮ್ಮ, ಅವರೇ ಮಾತಾಡುತ್ತಿರುವುದು, ಅಗೋ ಅಲ್ಲೇ ಕೂತಿದ್ದಾರೆ ಎಂದು ಗೂಡಿನ ಕಡೆ ಕೈ ತೋರಿಸಿದೆ. ಕಿಟಕಿಯ ಸರಳು ಹಿಡಿದು ಬಗ್ಗಿ ನೋಡಿದಳು. ಮೈಕು ಇನ್ನೊಂದು ಸಲ ಅದನ್ನೇ ಹೇಳಿ ನಿಂತಿತು. ಅವಳು ಇನ್ನೂ ಸ್ವಲ್ಪ ಹೊತ್ತು ಕಾದಳು.

“ಏ, ಅವನಲ್ಲ ತಗಿ” ಎಂದು ಚೀಲ ಸರಿಮಾಡಿಕೊಂಡು ಕೂತಳು.